‘ಬಿಕಾಸ್’ ಎಂದ ಮೇಲೆ

ನನ್ನ ತಂಗಿಯ ಮಗಳು ಸುಷ್ಮಾ ಈ ವರ್ಷ ಒಂದು ಪದವಿ ಕಾಲೇಜಿಗೆ ಇಂಗ್ಲಿಷ್ ಅತಿಥಿ ಉಪನ್ಯಾಸಕಿಯಾಗಿ ಸೇರಿದಳು. ಸೇರಿದ ವಾರವೇ ಮಂಡ್ಯದ ನಮ್ಮ ಮನೆಗೆ ಬಂದವಳು ಹೆಗಲ ಮೇಲಿನ ಚೀಲ ಕೆಳಗಿಡುವ ಮೊದಲೇ, “ದೊಡ್ಡಮ್ಮ, ಈ ಹಳ್ಳಿ ಮಕ್ಕಳಿಗೆ ಇಂಗ್ಲಿಷ್ ತಲೆಗೇ ಹತ್ತಲ್ಲ. ನೀವು ಇಷ್ಟು ವರ್ಷ ಹೇಗೆ ಏಗಿದ್ರಿ?” ಅಂದಳು. ಕಾಫಿಗೆ ಇಟ್ಟಿದ್ದ ಹಾಲಿನ ಒಲೆ ಆರಿಸಿ ಬಂದು ಮೊದಲು ಬೈದೆ, ಆಮೇಲೆ ಕಾಫಿ ಕೊಟ್ಟೆ. ಬೈದದ್ದು ಸಾಲದು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ. ಅವಳೊಬ್ಬಳಿಗಲ್ಲ, ಈ ಕೆಲಸಕ್ಕೆ ಹೊಸದಾಗಿ ಕಾಲಿಡುತ್ತಿರುವ ಎಲ್ಲರಿಗೂ.

ನಾನು ಹುಟ್ಟಿದ್ದು ಮದ್ದೂರು ಕಡೆಯ ಕೊಪ್ಪದ ಹತ್ತಿರದ ಹಳ್ಳಿಯಲ್ಲಿ, ಕಬ್ಬು, ಭತ್ತ ಬೆಳೆಯುವ ಮನೆಯಲ್ಲಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲೇ ಓದಿದೆ. ಆಮೇಲೆ ಮಂಡ್ಯ, ಮದ್ದೂರು, ಮಳವಳ್ಳಿ ಎಂದು ಬಸ್ಸಿನಲ್ಲೇ ಅರ್ಧ ಆಯಸ್ಸು ಕಳೆದು ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದೆ. ಬಡ್ತಿ ಯಾವಾಗ ಬಂತು, ಯಾರು ತಪ್ಪಿಸಿದರು ಎಂಬುದನ್ನೆಲ್ಲ ಕಟ್ಟಿಕೊಂಡು ನಿಮಗೇನಾಗಬೇಕು? ಬಿಡಿ. ಮುಂದೆ ಹೇಳುವುದು ಯಾವ ಕಾಲೇಜಿನ ಕಥೆ ಎಂದೂ ಹೇಳುವುದಿಲ್ಲ. ಹೇಳಿದರೆ ಉಳಿದ ಕಾಲೇಜಿನವರು “ಸದ್ಯ, ನಮ್ಮದಲ್ಲ” ಎಂದು ಬೀಗುತ್ತಾರೆ. ಬೀಗುವ ಯೋಗ್ಯತೆ ಯಾರಿಗೂ ಇಲ್ಲ.

ನಾನು ಕೊನೆಗೆ ಕೆಲಸ ಮಾಡಿದ ಆ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷಕ್ಕೆ ಎರಡು ಸೆಕ್ಷನ್. ಇಂಗ್ಲಿಷ್ ಮೀಡಿಯಂನಿಂದ ಬಂದವರು ‘ಎ’, ಕನ್ನಡ ಮೀಡಿಯಂನವರು ‘ಬಿ’. ‘ಎ’ಗೆ ಮಹಡಿ ಮೇಲೆ ಫ್ಯಾನಿರುವ ಕೊಠಡಿ. ‘ಬಿ’ಗೆ ಸೈಕಲ್ ಸ್ಟ್ಯಾಂಡಿನ ಪಕ್ಕದ ಶೀಟಿನ ಷೆಡ್ಡು. ಹೀಗೆ ಭಾಗ ಮಾಡಿದವರು ಯಾರು ಎಂದು ಕೇಳಿದರೆ, “ಮೊದಲಿಂದ ಹಂಗೇ ಮೇಡಂ” ಎಂಬ ಉತ್ತರ. ನಮ್ಮ ಇಲಾಖೆಯಲ್ಲಿ ಎಲ್ಲ ಅನ್ಯಾಯಗಳೂ ಮೊದಲಿಂದ ಹಂಗೇ ಇರುತ್ತವೆ.

ಮೊದಲ ದಿನ ಆ ಷೆಡ್ಡಿಗೆ ಹೋಗಿ, “ಇವತ್ತು ಬೆಳಿಗ್ಗೆ ಎದ್ದಾಗಿನಿಂದ ಇಲ್ಲಿಗೆ ಬರುವವರೆಗೆ ಏನೇನು ಮಾಡಿದಿರಿ, ಇಂಗ್ಲಿಷಿನಲ್ಲಿ ಬರೆಯಿರಿ. ತಪ್ಪಾದರೆ ಆಗಲಿ” ಅಂದೆ. ಯಾರೂ ಪೆನ್ನು ಎತ್ತಲಿಲ್ಲ. ಎಲ್ಲರೂ ಪರಪರ ಗೈಡು ತಿರುವತೊಡಗಿದರು. ಕೊನೆಗೆ ಹಿಂದಿನ ಬೆಂಚಿನಿಂದ ಚೇತನ್ ಎಂಬ ಹುಡುಗ ಎದ್ದು ನಿಂತ.

“ಮೇಡಂ, ಯಾವ ಪುಟ ಮೇಡಂ?”

ನನಗೆ ನಗು ಬಂತು. ಬೇರೆ ಯಾರೂ ನಗಲಿಲ್ಲ. ಅವರೆಲ್ಲರ ಪ್ರಶ್ನೆಯೂ ಅದೇ ಆಗಿತ್ತು.

“ನೀನು ಇವತ್ತು ಬೆಳಿಗ್ಗೆ ಎದ್ದಿದ್ದು ಗೈಡಲ್ಲಿ ಯಾಕಿರುತ್ತಪ್ಪ?” ಅಂದೆ.

“ಅಂಗಾರೆ ಪರೀಕ್ಸೆಗೆ ಬರಕಿಲ್ವ ಮೇಡಂ?”

ನಗು ಅಲ್ಲಿಗೆ ನಿಂತಿತು. ಆ ಮಕ್ಕಳು ಅಷ್ಟು ವರ್ಷ ಇಂಗ್ಲಿಷ್ ಓದಿದ್ದರು, ಪ್ರಬಂಧ ಬರೆದಿದ್ದರು, ಪಾಸಾಗಿದ್ದರು. ಆದರೆ ಅವರು ಬರೆದ ಒಂದು ವಾಕ್ಯವೂ ಅವರದಾಗಿರಲಿಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ಬರೆದರು, ಇವರು ಇಳಿಸಿಕೊಂಡರು. ಗೈಡಿನವನು ಅಚ್ಚು ಹಾಕಿದ, ಇವರು ಉರು ಹೊಡೆದರು. ನಿನಗೆ ಏನನ್ನಿಸುತ್ತದೆ, ನೀನು ಏನು ಮಾಡಿದೆ ಎಂದು ಒಬ್ಬನೂ ಕೇಳಲಿಲ್ಲ. ಕೇಳದೆ ಬೆಳೆಸಿ, ಆಮೇಲೆ ತಲೆಗೆ ಹತ್ತಲ್ಲ ಎಂದು ಮಕ್ಕಳ ಮೇಲೆ ಹಾಕುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ.

ಅಂದು ಪೀರಿಯಡ್ ಮುಗಿಯುವಷ್ಟರಲ್ಲಿ ಒಬ್ಬಳು ಮಾತ್ರ ಬರೆದಿದ್ದಳು. ರಂಜಿತಾ ಎಂದು, ನಮ್ಮ ಕೊಪ್ಪದ ಕಡೆಯವಳೇ. ‘ಬೆಳಿಗ್ಗೆ ಹಾಲು ಟೆಸ್ಟ್ ಮಾಡಿದೆ, ಆಮೇಲೆ ಬಸ್ಸು’ ಎಂಬರ್ಥದ ಒಂದೂವರೆ ಸಾಲು, ಅಷ್ಟೆ. ಹಾಲು ಟೆಸ್ಟ್ ಎಂದರೇನು ಎಂದು ಕನ್ನಡದಲ್ಲಿ ಕೇಳಿದೆ. ಆ ಮೆತ್ತನೆಯ ಹುಡುಗಿಯ ಬಾಯಿ ಬಿಚ್ಚಿಕೊಂಡಿತು ನೋಡಿ.

“ನಮ್ಮೂರ್ ಡೇರೀಲಿ ಆಲಿನ ಫ್ಯಾಟು ಅಳೆಯೋ ಮಿಸನ್ ನೋಡ್ಕೊಳ್ಳೋದು ನಾನೇ ಮೇಡಂ. ಬೆಳಿಗ್ಗೆ ಆಲ್ಗೆ ಫ್ಯಾಟು ಕಮ್ಮಿ ಬತ್ತದೆ, ಸಂಜೆ ಆಲ್ಗೆ ಜಾಸ್ತಿ. ಫ್ಯಾಟು ಕಮ್ಮಿ ಬಂದ್ರೆ ದುಡ್ಡೂ ಕಮ್ಮಿ, ಜನ ಮಿಸನ್ ಕೆಟ್ಟೋಗದೆ ಅಂತ ನನ್ ಮ್ಯಾಲೇ ಬೀಳ್ತರೆ. ಮಿಸನ್ ಕೆಟ್ಟಿಲ್ಲ ಮೇಡಂ. ಸಂಜೆ ಕರೆದ್ಮೇಲೆ ಬೆಳಗಾಗೋಗಂಟ ಒತ್ತು ಜಾಸ್ತಿ ಅಲ್ವ? ಅಷ್ಟೊತ್ತೂ ಅಸಕ್ಕೆ ಆಲು ತುಂಬ್ಕತದೆ. ಆಲು ಜಾಸ್ತಿ ಆಯ್ತದೆ, ಅದ್ಕೆ ಫ್ಯಾಟು ತೆಳ್ಗಾಯ್ತದೆ.”

“ಯಾರು ಹೇಳಿಕೊಟ್ಟರು ಇದನ್ನ?”

“ಯಾರೂ ಇಲ್ಲ. ದಿನಾ ನೋಡ್ತೀನಲ್ಲ.”

ಸ್ಟಾಫ್ ರೂಮಿನಲ್ಲಿ ಪ್ರಾಣಿಶಾಸ್ತ್ರದ ಮುನಾವರ್ ಸಾರ್ ಅವರನ್ನು ಕೇಳಿದೆ. ಮದ್ದೂರಿನವರು, ಮಾತು ಕಡಿಮೆ, ನಿಷ್ಠುರವಾಗಿ ಅಂಕ ಹಾಕುವವರು. “ಸರಿಯಾಗೇ ಹೇಳಿದ್ದಾಳೆ” ಅಂದರು. ಅದೇ ಮುನಾವರ್ ಸಾರ್ ಮೊದಲ ಟೆಸ್ಟ್ ಆದ ಮೇಲೆ ಅವಳ ಉತ್ತರ ಪತ್ರಿಕೆ ತಂದು ನನ್ನ ಮುಂದೆ ಇಟ್ಟರು. ಹೆಸರು, ರಿಜಿಸ್ಟರ್ ನಂಬರು ಬಿಟ್ಟರೆ ಪೂರಾ ಖಾಲಿ.

“ಬಾಯಲ್ಲಿ ಕೇಳಿದ್ರೆ ಕನ್ನಡದಲ್ಲಿ ಎಲ್ಲಾ ಹೇಳ್ತಾಳೆ ಮೇಡಂ. ಬರೆಯೋಕೆ ಕೂತ್ರೆ ಯಾರೋ ಕೈ ಕಟ್ಟಿಹಾಕಿದಂಗೆ ಕೂತಿರ್ತಾಳೆ. ನಾನೇನು ಮಾಡಲಿ?”

ಏನು ಮಾಡಬೇಕೆಂದು ಪ್ರಿನ್ಸಿಪಾಲರಿಗೆ ಗೊತ್ತಿತ್ತು. ಆ ಕಾಲೇಜಿನಲ್ಲಿ ಒಂದು ಪದ್ಧತಿ ಇತ್ತು. ಮೊದಲ ಟೆಸ್ಟ್ ಮುಗಿದ ಕೂಡಲೇ ಕನ್ನಡ ಮೀಡಿಯಂನಿಂದ ಬಂದು ಕಡಿಮೆ ಅಂಕ ತೆಗೆದವರನ್ನು ಕರೆದು, ಅಪ್ಪನನ್ನೋ ಅವ್ವನನ್ನೋ ಕರೆಸಿ, ಸಹಿ ಹಾಕಿಸಿಕೊಂಡು ಬಿ.ಎ.ಗೆ ದಾಟಿಸಿಬಿಡುವುದು. ಪ್ರಿನ್ಸಿಪಾಲರು ಕೆಟ್ಟವರಲ್ಲ. ಅದೇ ನನ್ನ ಸಿಟ್ಟನ್ನು ಹೆಚ್ಚಿಸಿದ್ದು. ಕೆಟ್ಟವರಾದರೆ ಜಗಳಕ್ಕಾದರೂ ಒಂದು ಹಿಡಿ ಸಿಗುತ್ತದೆ. ಇವರು ಒಳ್ಳೆಯ ಮಾತುಗಾರರು, ಯಾವ ಸಭೆಯಲ್ಲೂ ಎರಡು ಗಳಿಗೆ ಮೌನ ಸಹಿಸುತ್ತಿರಲಿಲ್ಲ, ಪ್ರತಿ ಮಾತಿಗೂ ‘ಪಾಪ’ ಸೇರಿಸುತ್ತಿದ್ದರು.

“ಪಾಪ, ಆ ಮಕ್ಕಳಿಗೆ ಯಾಕೆ ಹಿಂಸೆ ಕೊಡೋದು? ಬಿ.ಎ.ಗೆ ಹಾಕೋಣ. ಅವರಿಗೂ ಸುಖ, ನಮ್ಮ ರಿಸಲ್ಟಿಗೂ ಸುಖ” ಅಂದರು ಸ್ಟಾಫ್ ಮೀಟಿಂಗಿನಲ್ಲಿ.

“ಹಾಗಾದರೆ ಬಿ.ಎ. ಅನ್ನೋದು ಏನು ಸಾರ್, ಕಸದ ಬುಟ್ಟಿಯಾ?” ಅಂದೆ. ಇತಿಹಾಸದವರು ಕೆಮ್ಮಿದರು. “ರಂಜಿತಾಗೆ ವಿಜ್ಞಾನ ಬರುತ್ತೆ. ಬರದೆ ಇರೋದು ಬರೆಯೋದು. ಬರೆಯೋದು ಕಲಿಸಬೇಕಾದವಳು ನಾನು. ನನ್ನನ್ನ ಬೇಕಾದರೆ ಬಿ.ಎ.ಗೆ ದಾಟಿಸಿ.”

ಕೊನೆಗೆ ಸೆಮಿಸ್ಟರ್ ಮುಗಿಯುವವರೆಗೆ ಗಡುವು ಸಿಕ್ಕಿತು. ಅಷ್ಟರಲ್ಲಿ ರಂಜಿತಾ ಇಂಗ್ಲಿಷಿನಲ್ಲಿ ಬರೆದು ಪಾಸಾಗಬೇಕು, ಇಲ್ಲದಿದ್ದರೆ ವಿಜ್ಞಾನ ಬಿಡಬೇಕು. “ನಿಮ್ಮ ಜವಾಬ್ದಾರಿ ಮೇಡಂ” ಅಂದರು. ನನ್ನದೇ ಅಂದೆ.

ಜವಾಬ್ದಾರಿ ಕೊಟ್ಟರು, ಹೊತ್ತು ಕೊಡಲಿಲ್ಲ. ‘ಬಿ’ ಸೆಕ್ಷನ್‌ಗೆ ಇಂಗ್ಲಿಷ್ ಯಾವಾಗಲೂ ದಿನದ ಕೊನೆಯ ಪೀರಿಯಡ್. ಬ್ಲಫ್ ಎಂಬ ಊರಿನ ಕಡೆಯ ಮಕ್ಕಳು ಹಾಜರಿ ಕೂಗುವಾಗಲೇ ಬಸ್ಸಿಗೆಂದು ಎದ್ದು ನಿಂತಿರುತ್ತಿದ್ದರು, ಕೊಪ್ಪದ ಕಡೆಯವರು ನಾನು ಪುಸ್ತಕ ತೆರೆಯುವಾಗ. ಆ ಬಸ್ಸು ತಪ್ಪಿದರೆ ಮತ್ತೊಂದು ಬರುವಷ್ಟರಲ್ಲಿ ಕತ್ತಲು. ಹೆಣ್ಣುಮಕ್ಕಳನ್ನು ಯಾವ ಬಾಯಲ್ಲಿ ಕೂರಿಸಿಕೊಳ್ಳಲಿ? ಪೀರಿಯಡ್ ಬೆಳಿಗ್ಗೆಗೆ ಹಾಕಿ ಎಂದು ಕೇಳಿದರೆ, “ಲ್ಯಾಂಗ್ವೇಜ್ ತಾನೆ ಮೇಡಂ, ಯಾವಾಗಾದ್ರೇನು” ಎಂದರು ವೇಳಾಪಟ್ಟಿ ಮಾಡುವವರು. ಇಂಗ್ಲಿಷ್ ಇಲ್ಲದೆ ಬದುಕೇ ಇಲ್ಲ ಎಂದು ವೇದಿಕೆ ಮೇಲೆ ಭಾಷಣ ಮಾಡುವವರೂ ಇವರೇ, ಅದನ್ನು ಬಸ್ಸಿನ ಬಾಲಕ್ಕೆ ಕಟ್ಟಿದವರೂ ಇವರೇ.

ಇನ್ನು ಭಾಷಾ ಲ್ಯಾಬು. ಸರ್ಕಾರದ ಹಣದಲ್ಲಿ ಬಂದ ಕಂಪ್ಯೂಟರು, ಹೆಡ್‌ಫೋನು, ಎಲ್ಲವೂ ಪ್ಲಾಸ್ಟಿಕ್ ಹೊದ್ದು ಕೂತಿದ್ದವು. ಬಾಗಿಲಿಗೆ ಬೀಗ, ಬೀಗದ ಕೈ ಪ್ರಿನ್ಸಿಪಾಲರ ಟೇಬಲ್ಲಿನ ಡ್ರಾಯರಿನಲ್ಲಿ. ಕೇಳಿದಾಗಲೆಲ್ಲ “ಮಕ್ಕಳು ಹಾಳು ಮಾಡ್ತಾರೆ ಮೇಡಂ” ಎಂದೇ ಉತ್ತರ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಅದು ಇದೇ. ಮಕ್ಕಳು ಹಾಳಾದರೆ ಯಾರಿಗೂ ಚಿಂತೆಯಿಲ್ಲ, ಹೆಡ್‌ಫೋನು ಹಾಳಾಗಬಾರದು.

ಹಾಗಾಗಿ ಸಿಕ್ಕ ಹೊತ್ತಿನಲ್ಲೇ ನನ್ನ ದಾರಿ ನಾನು ಮಾಡಿಕೊಂಡೆ. ಗೈಡುಗಳನ್ನು ಚೀಲಕ್ಕೆ ಹಾಕಿಸಿ, ನೀವು ದಿನಾ ಮಾಡುವ ಒಂದು ಕೆಲಸ ಹಿಡಿದುಕೊಳ್ಳಿ ಅಂದೆ. ಮೊದಲು ಏನು ಮಾಡುತ್ತೀರಿ, ಆಮೇಲೆ ಏನು, ಯಾಕೆ. ಇಷ್ಟೇ ಬರೆಯಿರಿ. ಕಾಲೇಜು ಕೇಳುವ ಇಂಗ್ಲಿಷ್ ಇಷ್ಟೇ ಕಣ್ರಪ್ಪ, ಪ್ರಾಣಿಶಾಸ್ತ್ರವೂ ಇದನ್ನೇ ಕೇಳುತ್ತದೆ, ರಸಾಯನಶಾಸ್ತ್ರವೂ ಇದನ್ನೇ ಕೇಳುತ್ತದೆ. ಚೇತನ್ ಗದ್ದೆಗೆ ನೀರು ಕಟ್ಟುವುದನ್ನು ಬರೆದ. ಮೆಕ್ಯಾನಿಕ್ ಒಬ್ಬರ ಮಗ ಸ್ಕೂಟರಿನ ಚಕ್ರ ಬಿಚ್ಚುವುದನ್ನು ಬರೆದ. ರಂಜಿತಾ ಹಾಲಿನ ಟೆಸ್ಟನ್ನೇ ಮತ್ತೆ ಮತ್ತೆ ಬರೆದಳು. ‘ಮೊದಲು’ ಬಂತು, ‘ಆಮೇಲೆ’ ಬಂತು. ಕೊನೆಗೊಂದು ದಿನ ‘ಬಿಕಾಸ್’ ಎಂಬ ಪದ ಅವಳ ಸಾಲಿನ ಮಧ್ಯೆ ಬಂದು ಕೂತಿತು. ಅದನ್ನು ನೋಡಿ ನನಗಾದ ಸಂತೋಷ ಬಡ್ತಿಯ ಆದೇಶ ಬಂದಾಗ ಆಗಿರಲಿಲ್ಲ. ಯಾಕೆ ಎಂದು ಹೇಳಲು ಹೊರಟವರನ್ನು ಯಾರೂ ಬಿ.ಎ.ಗೆ ದಾಟಿಸಲಾರರು ಅಂದುಕೊಂಡೆ.

ಆಗಲೇ ಕಾಲೇಜಿಗೆ ದರ್ಜೆ ಕೊಡುವ ತಂಡ ಬರುತ್ತದೆ ಎಂಬ ಸುದ್ದಿ ಬಂತು. ಗೋಡೆಗೆ ಸುಣ್ಣ, ಗೇಟಿಗೆ ಬಣ್ಣ, ಹೂವಿನ ಕುಂಡಗಳು. ‘ಬಿ’ ಸೆಕ್ಷನ್‌ಗೆ ರಜೆ! ಹೌದು, ಬರವಣಿಗೆಯಲ್ಲಿ ಅಲ್ಲ, ಬಾಯಿ ಮಾತಿನಲ್ಲಿ. “ನಾಳೆ ನೀವು ಬರೋದು ಬೇಡ” ಎಂದು ಅಟೆಂಡರ್ ಷೆಡ್ಡಿನ ಬಾಗಿಲಲ್ಲಿ ನಿಂತು ಹೇಳಿಹೋದ. ಮಕ್ಕಳು ಖುಷಿಪಟ್ಟರು, ಪಾಪ. ಮನೆಗೆ ನೆಂಟರು ಬರುತ್ತಾರೆಂದು ಹೆತ್ತ ಮಕ್ಕಳನ್ನು ಹಿತ್ತಿಲಿಗೆ ಕಳಿಸುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡೆ. “ನಾಳೆ ನನ್ನ ಪಾಠ ಇದೆ, ಎಲ್ಲರೂ ಬನ್ನಿ” ಅಂದೆ.

ಬಂದರು. ಅತ್ತ ಲ್ಯಾಬಿನ ಬೀಗ ತೆಗೆದಿತ್ತು. ‘ಎ’ ಸೆಕ್ಷನ್ನಿನ ಮಕ್ಕಳು ಹೆಡ್‌ಫೋನು ಹಾಕಿಕೊಂಡು ಗಂಭೀರವಾಗಿ ಕೂತಿದ್ದರು. ತಂಡದಲ್ಲಿ ಬೇರೆ ರಾಜ್ಯದಿಂದ ಬಂದ ಹಿರಿಯ ಪ್ರಾಧ್ಯಾಪಕಿಯೊಬ್ಬರಿದ್ದರು, ಕನ್ನಡ ಬಾರದವರು. ಒಬ್ಬ ಹುಡುಗನನ್ನು ಏನು ಕೇಳಿಸುತ್ತಿದೆ ಎಂದು ಕೇಳಿದರಂತೆ. “ನಥಿಂಗ್ ಮೇಡಂ” ಅಂದನಂತೆ ಆ ಪುಣ್ಯಾತ್ಮ. ವಯರುಗಳನ್ನು ಯಾವುದಕ್ಕೂ ಸಿಕ್ಕಿಸಿರಲಿಲ್ಲ. ಆಯಮ್ಮ ಹೊರಗೆ ಬಂದು, ಷೆಡ್ಡಿನಿಂದ ಮಾತು ಕೇಳಿಸಿ, ಯಾರೂ ಕರೆಯದೆ ನಮ್ಮ ಬಾಗಿಲಿಗೆ ಬಂದುಬಿಟ್ಟರು. ಹಿಂದೆಯೇ ಬೆವರು ಒರೆಸಿಕೊಳ್ಳುತ್ತ ಪ್ರಿನ್ಸಿಪಾಲರು.

“ನೀವು ದಿನಾ ಮಾಡುವ ಕೆಲಸ ಯಾವುದಾದರೂ ನನಗೆ ಹೇಳುತ್ತೀರಾ?” ಎಂದು ಆಕೆ ಇಂಗ್ಲಿಷಿನಲ್ಲಿ, ಬಿಡಿಸಿ ಬಿಡಿಸಿ ಕೇಳಿದರು.

ರಂಜಿತಾ ತಾನಾಗಿಯೇ ಎದ್ದಳು. ನಾನು ಅವಳ ಕಡೆ ನೋಡಿಯೂ ಇರಲಿಲ್ಲ.

“ಮೇಡಂ, ಎವ್ರಿ ಡೇ ಐ ಟೆಸ್ಟ್ ಮಿಲ್ಕ್. ಈವ್ನಿಂಗ್ ಮಿಲ್ಕ್, ಫ್ಯಾಟ್ ಈಸ್ ಮೋರ್. ಮಾರ್ನಿಂಗ್ ಮಿಲ್ಕ್, ಫ್ಯಾಟ್ ಈಸ್ ಲೆಸ್. ಬಿಕಾಸ್...”

ನಿಂತಳು. ಕಣ್ಣು ಮೇಲೆ ಶೀಟಿನ ಕಡೆ ಹೋಯಿತು, ತುಟಿ ಅಲ್ಲಾಡುತ್ತಿತ್ತು. ಪದ ಬರುತ್ತಿತ್ತು, ನನಗೆ ಕಾಣುತ್ತಿತ್ತು. ಆ ಪ್ರಾಧ್ಯಾಪಕಿಯೂ ತಲೆ ಮುಂದೆ ಬಾಗಿಸಿ ಕಾಯುತ್ತಿದ್ದರು. ಅಷ್ಟರಲ್ಲಿ ಪ್ರಿನ್ಸಿಪಾಲರು ಬಾಯಿ ಹಾಕಿದರು. ನಮ್ಮ ಜಿಲ್ಲೆಯಲ್ಲಿ ಹೈನುಗಾರಿಕೆ ಬಡ ಕುಟುಂಬಗಳ ಬೆನ್ನೆಲುಬು, ಈ ಮಗು ಮನೆಗೆ ನೆರವಾಗುತ್ತ ಓದುತ್ತಿದೆ, ಪಾಪ ಗಾಬರಿಯಾಗಿದೆ, ನಮ್ಮ ಕಾಲೇಜು ಇಂಥ ಹೆಣ್ಣುಮಕ್ಕಳ ಸಬಲೀಕರಣಕ್ಕೆ ಏನೇನು ಮಾಡಿದೆ ಎಂದು ನೀರು ಕುಡಿದಂತೆ ಇಂಗ್ಲಿಷಿನಲ್ಲಿ ಹರಿಸಿದರು. ಹರಿಸುತ್ತಲೇ ಆಕೆಯನ್ನು ಬಾಗಿಲಾಚೆ ಕರೆದುಕೊಂಡು ಹೋದರು. ರಂಜಿತಾ ಇನ್ನೂ ನಿಂತೇ ಇದ್ದಳು.

ಸಂಜೆ ಪ್ರಿನ್ಸಿಪಾಲರ ಕೊಠಡಿಗೆ ಹೋದೆ. ಕೂತುಕೊಳ್ಳಿ ಅಂದರು, ಕೂರಲಿಲ್ಲ.

“ಅವಳ ಮಾತನ್ನ ನೀವು ಯಾಕೆ ಮುಗಿಸಿದಿರಿ ಸಾರ್?”

“ಸಹಾಯ ಮಾಡಿದೆ ಮೇಡಂ. ಪಾಪ, ತಡವರಿಸ್ತಿತ್ತು ಮಗು.”

“ತಡವರಿಸ್ತಿರಲಿಲ್ಲ. ಯೋಚನೆ ಮಾಡ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದು ಪದ. ನೀವು ಕೊಟ್ಟದ್ದು ಒಂದು ಭಾಷಣ. ಅದೂ ಅವಳು ಹೇಳಬೇಕೆಂದಿದ್ದದ್ದಲ್ಲ.”

“ಮತ್ತೇನು ಹೇಳ್ತಿದ್ದಳು?”

“ನೀವು ಕೇಳಲಿಲ್ಲವಲ್ಲ” ಎಂದು ಬಂದುಬಿಟ್ಟೆ.

ಮುಂದಿನ ವಾರ ಕಾರಿಡಾರಿನಲ್ಲಿ ರಂಜಿತಾ ತನ್ನ ತಾಯಿ ಸಾಕಮ್ಮನ ಜೊತೆ ನಿಂತಿದ್ದಳು. ಬಿ.ಎ.ಗೆ ಹೋಗುತ್ತೇನೆ ಎಂದು ತಾನೇ ಅವ್ವನನ್ನು ಸಹಿ ಹಾಕಲು ಕರೆದುಕೊಂಡು ಬಂದಿದ್ದಳು. ಯಾರೂ ದೂಡಬೇಕಾಗಿರಲಿಲ್ಲ, ಅಷ್ಟು ಚೆನ್ನಾಗಿ ಸಹಾಯವಾಗಿತ್ತು.

“ನೀವೇ ಕೇಳಿ ಮೇಡಮ್ಮೋರೆ” ಅಂದರು ಸಾಕಮ್ಮ. “ಮೊನ್ನೆಗಂಟ ನಾನು ಸೈನ್ಸು ಸೈನ್ಸು ಅಂತ ಕುಣೀತಿದ್ಲು. ಈಗ ನನ್ ಕೈಲಾಗಕಿಲ್ಲ ಅಂತಾಳೆ.”

“ದೊಡ್ಡೋರ ಮುಂದೆ ಮರ್ವಾದೆ ಓಯ್ತು ಮೇಡಂ” ಅಂದಳು ರಂಜಿತಾ, ನೆಲ ನೋಡುತ್ತ.

“ಮರ್ಯಾದೆ ಹೋಗಿದ್ದು ನಿನ್ನದಲ್ಲ, ನಮ್ಮದು” ಅಂದೆ. ಸಿಟ್ಟಿಗೆ ನನ್ನ ಧ್ವನಿ ಏರಿತ್ತು. ಅವಳು ಅಳತೊಡಗಿದಳು.

ಸಾಕಮ್ಮನಿಗೆ ನಡೆದದ್ದನ್ನು ಹೇಳಿದೆ. ಪೂರ್ತಿ ಕೇಳಿಸಿಕೊಂಡು ಮಗಳ ಕಡೆ ತಿರುಗಿದರು. “ಡೇರೀಲಿ ದಿನಾ ಬೆಳಿಗ್ಗೆ ಎದ್ದು ಜನ ನಿನ್ನ ಉಗೀತರೆ, ಮಿಸನ್ ಕೆಡುಸ್ಬುಟ್ಟೆ ಅಂತರೆ. ಮಿಸನ್ ಬುಟ್ಟು ಎದ್ದು ಬಂದ್ಯಾ?”

“ಇಲ್ಲ.”

“ಯಾಕ್ ಬರ್ನಿಲ್ಲ?”

“ಮಿಸನ್ ಸರಿಯಾಗೇ ಅದಲ್ಲ ಅವ್ವ.”

“ಮತ್ತಿನ್ನೇನು? ನಡಿ ಕ್ಲಾಸಿಗೆ. ನಾನು ಸಯ್ನೂ ಆಕಕಿಲ್ಲ, ಗಿಯ್ನೂ ಆಕಕಿಲ್ಲ. ಬಸ್ಸಿಗೊತ್ತಾಯ್ತು, ಬತ್ತೀನಿ ಮೇಡಮ್ಮೋರೆ.”

ಅವತ್ತಿನಿಂದ ಷೆಡ್ಡಿನಲ್ಲಿ ಒಂದೇ ಕಾನೂನು ಮಾಡಿದೆ. ಮಾತಾಡಲು ಎದ್ದವರು ತಾವಾಗಿ ಕೂರುವವರೆಗೆ ಬೇರೆ ಯಾರೂ ಬಾಯಿ ಬಿಡಬಾರದು. ಹೇಳಿಕೊಡಬಾರದು, ನಗಬಾರದು, ನಾನೂ ಸೇರಿದಂತೆ. ಸುಲಭ ಅಂದುಕೊಂಡಿರಾ? ನಮ್ಮ ಕಡೆ ಜನಕ್ಕೆ ಎದುರಿಗಿದ್ದವರು ಮಾತು ಹುಡುಕುತ್ತಿದ್ದರೆ ತಡೆಯುವುದಿಲ್ಲ. “ಬೇಗ ಯೋಳ್ಲಾ!” ಎಂದು ಚೇತನ್ ಕೂಗಿ, ಕೂಗಿದ್ದಕ್ಕೆ ತಾನೇ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಪದ ನನ್ನ ನಾಲಿಗೆಯ ತುದಿಗೆ ಬಂದಿರುತ್ತಿತ್ತು. ನುಂಗುತ್ತಿದ್ದೆ. ಒಂದು ವಾಕ್ಯಕ್ಕೆ ಅರ್ಧ ಪೀರಿಯಡ್ ಹೋದ ದಿನಗಳಿವೆ. ಸಿಲಬಸ್ ಹಿಂದೆ ಬಿತ್ತು ಎಂದು ನನಗೆ ಮೆಮೋ ಬಂತು. ಅದಕ್ಕೆ ಉತ್ತರ ಬರೆದೆ, ಏನು ಬರೆದೆ ಎಂಬುದನ್ನು ಇಲ್ಲಿ ಹೇಳುವಂತಿಲ್ಲ.

ನಡುವೆ ಚೇತನ್ ಒಂದು ದಿನ ಅರಳು ಹುರಿದಂಥ ಇಂಗ್ಲಿಷಿನಲ್ಲಿ ಎರಡು ಪುಟ ಬರೆದು ತಂದ. ಎರಡನೆಯ ಸಾಲಿನ ಅರ್ಥ ಕೇಳಿದೆ. “ಗೊತ್ತಿಲ್ಲ ಮೇಡಂ, ಫೋನ್ ಬರೀತು” ಅಂದ. ಅವನನ್ನು ಬೈಯಲಿಲ್ಲ. ಸ್ಟಾಫ್ ರೂಮಿನಲ್ಲಿ “ಈಗೀಗ ಮಕ್ಕಳ ಅಸೈನ್‌ಮೆಂಟು ಎಷ್ಟು ಚೆನ್ನಾಗಿರುತ್ತೆ” ಎಂದು ಹಿಗ್ಗಿ ಅಂಕ ಹಾಕುತ್ತಿದ್ದವರನ್ನು ಬೈದೆ. ಗೈಡು ಹೋಗಿ ಫೋನು ಬಂದಿದೆ, ಮಕ್ಕಳ ಬಾಯಿಂದ ಮಾತು ಕಿತ್ತುಕೊಳ್ಳುವ ಕೆಲಸ ಮಾತ್ರ ಅದೇ. ನೀವು ಹೊಸಬರು ಫೋನನ್ನು ನಿಲ್ಲಿಸಲಾರಿರಿ. ಎರಡನೆಯ ಸಾಲಿನ ಅರ್ಥವನ್ನಾದರೂ ಕೇಳಿ.

ಸೆಮಿಸ್ಟರ್ ಪರೀಕ್ಷೆಗೆ ಮುಂಚಿನ ಟೆಸ್ಟಿನಲ್ಲಿ ರಂಜಿತಾ ಬರೆದ ಪ್ರಾಣಿಶಾಸ್ತ್ರದ ಪತ್ರಿಕೆಯನ್ನು ಮುನಾವರ್ ಸಾರ್ ಮತ್ತೆ ತಂದು ತೋರಿಸಿದರು. ಪುಟದ ತುಂಬ ತಪ್ಪು, ಪುಟದ ತುಂಬ ಉತ್ತರ. “ಉತ್ತರಕ್ಕೆ ಅಂಕ ಹಾಕಿದ್ದೀನಿ, ತಪ್ಪು ನಿಮಗೆ ಬಿಟ್ಟಿದ್ದೀನಿ” ಅಂದರು. ಪರೀಕ್ಷೆ ಪಾಸಾದಳು, ವಿಜ್ಞಾನದಲ್ಲೇ ಉಳಿದಳು. ಆದರೆ ಷೆಡ್ಡಿನಾಚೆ, ಹೊರಗಿನವರ ಮುಂದೆ, ಇಂಗ್ಲಿಷಿನಲ್ಲಿ ಬಾಯಿ ಬಿಡಲಿಲ್ಲ. ಸೆಮಿನಾರು, ಕಾಲೇಜು ದಿನ, ಎಲ್ಲಿ ಕರೆದರೂ ತಲೆಯಾಡಿಸಿ ಹಿಂದೆ ಸರಿಯುತ್ತಿದ್ದಳು. ಅದೊಂದು ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

ಅವಳು ಕೊನೆಯ ವರ್ಷಕ್ಕೆ ಬಂದಾಗ ನನ್ನ ನಿವೃತ್ತಿಯೂ ಬಂತು. ಬೀಳ್ಕೊಡುಗೆಗೆ ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ ಎಲ್ಲ ಇದ್ದವು. ಪ್ರಿನ್ಸಿಪಾಲರು ನನ್ನ ಪಕ್ಕದಲ್ಲೇ ಕೂತು, ನನ್ನನ್ನು ಕೊಂಡಾಡಿ ಧಾರಾಳವಾಗಿ ಮಾತಾಡಿದರು. ಜಗಳಗಂಟಿ ಎಂಬ ಪದವೊಂದನ್ನು ಬಿಟ್ಟು ಎಲ್ಲ ಹೇಳಿದರು. ವಿದ್ಯಾರ್ಥಿಗಳ ಪರವಾಗಿ ಯಾರಾದರೂ ಬನ್ನಿ ಎಂದು ಕರೆದಾಗ ‘ಎ’ ಸೆಕ್ಷನ್ನಿನ ಹುಡುಗಿಯೊಬ್ಬಳು ಎದ್ದಳು. ಅವಳಿಗಿಂತ ಮೊದಲು ರಂಜಿತಾ ಮೆಟ್ಟಿಲು ಹತ್ತಿಬಿಟ್ಟಿದ್ದಳು.

ಕೈಯಲ್ಲಿ ಚೀಟಿ ಇರಲಿಲ್ಲ. ಮೈಕಿನ ಮುಂದೆ ನಿಂತು ನನ್ನ ಕಡೆ ನೋಡಿದಳು, ನನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ.

“ಈವ್ನಿಂಗ್ ಮಿಲ್ಕ್ ಹ್ಯಾಸ್ ಮೋರ್ ಫ್ಯಾಟ್. ಮಾರ್ನಿಂಗ್ ಮಿಲ್ಕ್ ಹ್ಯಾಸ್ ಲೆಸ್. ಬಿಕಾಸ್...”

ನಿಂತಳು. ಕಣ್ಣು ಮೇಲೆ ಹೋಯಿತು. ಸಭೆ ಮಿಸುಕಾಡಿತು, ಹಾಲಿನ ವಿಷಯ ಇಲ್ಲೇಕೆ ಎಂದು ಯಾರಿಗೂ ತಿಳಿಯಲಿಲ್ಲ. ‘ಬಿ’ ಸೆಕ್ಷನ್ನಿನ ಮಕ್ಕಳು ಮಾತ್ರ ಉಸಿರು ಬಿಗಿ ಹಿಡಿದು ಕೂತಿದ್ದರು. ನನ್ನ ಪಕ್ಕದಲ್ಲಿ ಪ್ರಿನ್ಸಿಪಾಲರು ಟೇಬಲ್ಲಿನ ಮೇಲಿದ್ದ ಇನ್ನೊಂದು ಮೈಕನ್ನು ಎಳೆದುಕೊಂಡರು. “ಪಾಪ...” ಎಂದು ಶುರು ಮಾಡಿದರು.

ರಂಜಿತಾ ತಿರುಗಿ ಕೈ ಎತ್ತಿದಳು.

“ಇರಿ ಸಾ. ಇನ್ನೂ ಮುಗ್ದಿಲ್ಲ.”

ಆಮೇಲೆ ಸಭೆಯ ಕಡೆ ತಿರುಗಿ, ಬೇಕಾದಷ್ಟು ಹೊತ್ತು ತೆಗೆದುಕೊಂಡು, ಮುಗಿಸಿದಳು.

“ಬಿಕಾಸ್, ದ ನೈಟ್ ಈಸ್ ಲಾಂಗ್. ದ ಕೌ ವೇಟ್ಸ್ ಲಾಂಗ್. ಸೋ ಇನ್ ದ ಮಾರ್ನಿಂಗ್ ಶಿ ಹ್ಯಾಸ್ ಮೋರ್ ಟು ಗಿವ್.”

ಪ್ರಿನ್ಸಿಪಾಲರ ಕೈ ಮೈಕಿನ ಮೇಲೇ ಇತ್ತು. ಅದನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದರು.